ಸಂದೇಹ ಯಾರಿಗೆ? ಅಭಿಮಾನಿ ಕಥನಗಳಲ್ಲಿ ಸಮ್ಮತಿಯ ಹಣೆಪಟ್ಟಿ

ಅಭಿಮಾನಿಗಳು ತಮ್ಮ ಮೆಚ್ಚಿನ ಕೃತಿಗಳ ಪಾತ್ರಗಳನ್ನು ಎತ್ತಿಕೊಂಡು ಬರೆಯುವ ಕಥೆಗಳ ಭಂಡಾರ, 2009ರಲ್ಲಿ ತೆರೆದ 'ಆರ್ಕೈವ್ ಆಫ್ ಅವರ್ ಓನ್'. ಅಲ್ಲಿ 'ರೇಪ್/ನಾನ್-ಕಾನ್' ನಿಗದಿತ ಎಚ್ಚರಿಕೆ; 'ಡಬ್-ಕಾನ್', ಅಂದರೆ ಸಂದೇಹಾಸ್ಪದ ಸಮ್ಮತಿ, ಲೇಖಕರು ಸ್ವಇಚ್ಛೆಯಿಂದ ಸೇರಿಸುವ ಹಣೆಪಟ್ಟಿ. ಮಿಲೆನಾ ಪೊಪೊವಾ ಅವರ 'ಡಬ್‌ಕಾನ್' (2021) ಈ ಬಗೆಯ ಕಥೆಗಳನ್ನು ಅಧಿಕಾರದ ಅಸಮತೆಯನ್ನು ಕುರಿತ ಚಿಂತನೆಯಾಗಿ ಓದುತ್ತದೆ. ಕಥೆಗಳ ಮಟ್ಟಿಗೆ ಇದನ್ನು ಒಪ್ಪುತ್ತೇವೆ. ಹಣೆಪಟ್ಟಿಯ ಮಟ್ಟಿಗೆ ನಮ್ಮ ತಕರಾರಿದೆ.

'ನಾನ್' ಎಂಬ ನಿಷೇಧ ಕಥಾಲೋಕದ ಸಂಗತಿಯನ್ನು ಹೇಳುತ್ತದೆ: ಸಮ್ಮತಿ ಇಲ್ಲ. 'ಡಬ್' ಹೇಳುವುದು ಮನಸ್ಸಿನ ಸ್ಥಿತಿಯನ್ನು, ಆದರೆ ಯಾರ ಮನಸ್ಸೆಂದು ಹೇಳದೆ. ಕನ್ನಡದ 'ಸಂದೇಹಾಸ್ಪದ'ವೂ ಅಷ್ಟೇ ಜಾಣ. ಅದನ್ನು ವಾಕ್ಯವಾಗಿ ಬಿಡಿಸಿದೊಡನೆ ಚತುರ್ಥಿ ವಿಭಕ್ತಿ ಎದುರಾಗುತ್ತದೆ: ಸಂದೇಹವಿರುವುದು ಯಾರಿಗೆ? 'ಸೆಕ್ಸ್ ಪಾಲನ್' ಕಥೆಗಳಲ್ಲಿ ಪರಾಗದ ಅಮಲೇರಿದ ಇಬ್ಬರಿಗೂ ಸಂದೇಹಪಡುವಷ್ಟು ಎಚ್ಚರವೇ ಉಳಿದಿರುವುದಿಲ್ಲ. ಅದು ಓದುಗರ ಪಾಲಿಗೆ ಬರುತ್ತದೆ. ಬಲವಂತದ ಮದುವೆಯ ಕಥೆಯಲ್ಲಿ ವಧುವಿಗೆ ತನ್ನ ಅಸಮ್ಮತಿ ಸ್ಪಷ್ಟವಾಗಿಯೇ ಗೊತ್ತಿರಬಹುದು, ಸಂದೇಹ ವರನೊಬ್ಬನದು. ಅಲ್ಲಿ 'ಡಬ್-ಕಾನ್' ಎಂದು ಬರೆದರೆ ಪಟ್ಟಿ ವರನ ದೃಷ್ಟಿಯಿಂದ ಮಾತನಾಡುತ್ತದೆ. ಎರಡೂ ಕಥೆಗಳ ಮೇಲೆ ಇದೇ ಪಟ್ಟಿ ಅಂಟಬಲ್ಲದು. ಇದೇ ಪಟ್ಟಿ ಕೆಲವರಿಗೆ ಎಚ್ಚರಿಕೆ, ಕೆಲವರಿಗೆ ಆಹ್ವಾನವೆಂಬುದು ಬೇರೆ ಮಾತು. ವಧುವಿನ ಕಥೆಗಾದರೆ 'ನಾನ್-ಕಾನ್' ಎಂಬುದೇ ನಿಖರವಾದ ಪದ.