ಗಣಕಜಾಲ ಸಂಶೋಧನೆಯ ಸಾಮುದಾಯಿಕ ಪ್ರಯೋಗಭೂಮಿಗಳು: ಒಂದು ವಿಮರ್ಶೆ

ರಸಾಯನವಿಜ್ಞಾನಿಗೆ ಪ್ರಯೋಗಶಾಲೆಯಿದೆ, ಕೃಷಿವಿಜ್ಞಾನಿಗೆ ಪ್ರಯೋಗದ ತಾಕು ಇದೆ. ಗಣಕಜಾಲವನ್ನು ಅಧ್ಯಯನ ಮಾಡುವ ಸಂಶೋಧಕನಿಗೆ ಇರುವುದೇನು? ಅವನ ಅಧ್ಯಯನದ ವಸ್ತುವಾದ ಅಂತರಜಾಲವು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ ಇವೆಲ್ಲವೂ ಹಗಲಿರುಳು ನೆಚ್ಚಿಕೊಂಡಿರುವ ವ್ಯವಸ್ಥೆ. ಹೊಸ ವಿಚಾರವೊಂದನ್ನು ಪರೀಕ್ಷಿಸಲೆಂದು ಅದನ್ನು ಒಂದು ಗಳಿಗೆಯೂ ನಿಲ್ಲಿಸುವಂತಿಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದವು ಹಲವು ಸಂಶೋಧಕರು ಹಂಚಿಕೊಂಡು ಬಳಸುವ, ತಮಗೆ ಬೇಕಾದಂತೆ ತಂತ್ರಾಂಶದ ಮೂಲಕ ಮಾರ್ಪಡಿಸಿಕೊಳ್ಳಬಲ್ಲ ಟೆಸ್ಟ್‌ಬೆಡ್‌ಗಳು. ಅವುಗಳನ್ನು ಇಲ್ಲಿ ಪ್ರಯೋಗಭೂಮಿಗಳೆಂದು ಕರೆಯಲಾಗಿದೆ. ಇವುಗಳ ಕುರಿತು ನಿರ್ಮಾಪಕರೇ ಬರೆದ ವಿವರಣೆಗಳು ಬೇಕಾದಷ್ಟಿವೆ. ಇವು ಏನನ್ನು ಸಾಧಿಸಿದವು, ಎಲ್ಲಿ ಎಡವಿದವು, ಮುಚ್ಚಿದ ಮೇಲೆ ಏನನ್ನು ಉಳಿಸಿದವು ಎಂಬ ವಿಮರ್ಶೆ ಮಾತ್ರ ಕಡಿಮೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ.

ಅಂತರಜಾಲವೇ ಮೊದಲಿಗೆ ಒಂದು ಪ್ರಯೋಗಭೂಮಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1969ರಲ್ಲಿ ಲಾಸ್ ಏಂಜಲೀಸ್, ಸ್ಟ್ಯಾನ್‌ಫರ್ಡ್, ಸಾಂಟಾ ಬಾರ್ಬರಾ ಮತ್ತು ಯೂಟಾಗಳ ನಾಲ್ಕು ಕೇಂದ್ರಗಳನ್ನು ಜೋಡಿಸಿದ ಆರ್ಪಾನೆಟ್, ಪ್ಯಾಕೆಟ್ ಪದ್ಧತಿಯಿಂದ ದೂರದ ಗಣಕಗಳನ್ನು ಬೆಸೆಯಲು ಸಾಧ್ಯವೇ ಎಂಬುದನ್ನು ಪರೀಕ್ಷಿಸಲು ಕಟ್ಟಿದ್ದು. 1983ರ ಜನವರಿ 1ರಂದು ಆ ಜಾಲವು ತನ್ನ ಹಳೆಯ ನಿಯಮಾವಳಿಯನ್ನು ಬಿಟ್ಟು ಟಿಸಿಪಿ/ಐಪಿಗೆ ಹೊರಳಿತು. ಅಂಥ ಸಾರಾಸಗಟು ಬದಲಾವಣೆ ಮುಂದೆಂದೂ ಸಾಧ್ಯವಾಗಲಿಲ್ಲ. ಐಪಿಯ ಆರನೆಯ ಆವೃತ್ತಿಯ ನಿರೂಪಣೆ 1995ರಲ್ಲಿಯೇ ಪ್ರಕಟವಾದರೂ ಅದು ಇಂದಿಗೂ ನಾಲ್ಕನೆಯ ಆವೃತ್ತಿಯ ಜೊತೆಜೊತೆಗೇ ಬಾಳುತ್ತಿದೆ. ಇದರಿಂದ ತಿಳಿಯುವುದೇನೆಂದರೆ, ಪ್ರಯೋಗಭೂಮಿಯು ಜನೋಪಯೋಗಿಯಾದಷ್ಟೂ ಪ್ರಯೋಗಕ್ಕೆ ಒದಗುವುದು ಕಡಿಮೆಯಾಗುತ್ತದೆ. ಮುಂದೆ ಬಂದ ಎಲ್ಲ ಪ್ರಯತ್ನಗಳ ಹಿಂದೆಯೂ ಈ ವಿರೋಧಾಭಾಸವಿದೆ.

1

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಎರಡು ಭಿನ್ನ ಮಾದರಿಗಳು ರೂಪುಗೊಂಡವು. ಒಂದು, ಯೂಟಾ ವಿಶ್ವವಿದ್ಯಾಲಯದಲ್ಲಿ ಜೇ ಲೆಪ್ರೋ ಅವರ ಬಳಗ ಕಟ್ಟಿದ ಎಮುಲ್ಯಾಬ್. ಇನ್ನೊಂದು, ಪ್ರಿನ್ಸ್‌ಟನ್ನಿನ ಲ್ಯಾರಿ ಪೀಟರ್ಸನ್ ಮತ್ತು ಬರ್ಕ್ಲಿಯ ಡೇವಿಡ್ ಕಲ್ಲರ್ ಅವರು 2002ರ ಮಾರ್ಚ್‌ನಲ್ಲಿ ಕರೆದ ಸಭೆಯಿಂದ ಮೊಳೆತ ಪ್ಲ್ಯಾನೆಟ್‌ಲ್ಯಾಬ್. ಇವೆರಡೂ ಹಂಚಿಕೆಯ ತತ್ತ್ವವನ್ನೇ ಒಪ್ಪಿದ್ದರೂ, ಹಂಚುವ ಬಗೆಯಲ್ಲಿ ಇವುಗಳ ನಡುವಿನ ಅಂತರ ಬಹಳ.

ನಮ್ಮ ಹಳ್ಳಿಗಳಲ್ಲಿ ಸಾಮುದಾಯಿಕ ಸ್ವತ್ತನ್ನು ಬಳಸುವ ಎರಡು ಕ್ರಮಗಳಿದ್ದವು. ಗೋಮಾಳದಲ್ಲಿ ಊರಿನ ದನಗಳೆಲ್ಲ ಒಟ್ಟಿಗೆ ಮೇಯುತ್ತಿದ್ದವು. ಕೆರೆಯ ನೀರನ್ನಾದರೋ ನೀರಗಂಟಿಯು ಸರದಿಯ ಪ್ರಕಾರ ಒಂದೊಂದು ಗದ್ದೆಗೆ ಬಿಡುತ್ತಿದ್ದ. ಸರದಿ ಬಂದಾಗ ಆ ನೀರು ಪೂರ್ತಿ ಆ ಗದ್ದೆಯದೇ. ಪ್ಲ್ಯಾನೆಟ್‌ಲ್ಯಾಬ್ ಗೋಮಾಳದ ಮಾದರಿ. ಎಮುಲ್ಯಾಬ್ ಕೆರೆಯ ಮಾದರಿ.

ಎಮುಲ್ಯಾಬ್‌ನಲ್ಲಿ ಸಂಶೋಧಕನು ತನಗೆ ಬೇಕಾದ ಜಾಲದ ವಿನ್ಯಾಸವನ್ನು ಒಂದು ಲಿಪಿಯಲ್ಲಿ ಬರೆದು ಒಪ್ಪಿಸುತ್ತಾನೆ. ಇಷ್ಟು ಯಂತ್ರಗಳು, ಅವುಗಳ ನಡುವೆ ಇಂಥ ಕೊಂಡಿಗಳು, ಈ ಕೊಂಡಿಯಲ್ಲಿ ಇಷ್ಟು ವಿಳಂಬ, ಇಷ್ಟು ಪ್ಯಾಕೆಟ್ ನಷ್ಟ ಎಂಬ ವಿವರ ಅದರಲ್ಲಿರುತ್ತದೆ. ವ್ಯವಸ್ಥೆಯು ಒಂದೇ ಕಟ್ಟಡದ ಯಂತ್ರಗಳಿಂದ ಆ ವಿನ್ಯಾಸವನ್ನು ರಚಿಸಿಕೊಟ್ಟು, ಕೆಲಸ ಮುಗಿದಾಗಲೋ ಯಂತ್ರಗಳು ಸುಮ್ಮನೆ ಬಿದ್ದಿದ್ದಾಗಲೋ ಹಿಂದಕ್ಕೆ ಪಡೆಯುತ್ತದೆ. ಸರದಿ ನಡೆಯುವಷ್ಟು ಹೊತ್ತು ಯಂತ್ರಗಳು ಆ ಸಂಶೋಧಕನ ಸ್ವಾಧೀನದಲ್ಲಿರುವುದರಿಂದ ಅವನು ಅವುಗಳ ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸಬಹುದು. ಆದರೆ ಅಲ್ಲಿಯ ವಿಳಂಬವೂ ನಷ್ಟವೂ ಅವನೇ ಬರೆದುಕೊಟ್ಟವು. ನಿಜವಾದ ಜಾಲದ ಅನಿರೀಕ್ಷಿತಗಳು ಅಲ್ಲಿ ಎದುರಾಗವು.

ಪ್ಲ್ಯಾನೆಟ್‌ಲ್ಯಾಬ್‌ನ ಕಲ್ಪನೆ ಬೇರೆ. ಇಂಟೆಲ್ ಸಂಸ್ಥೆ ಒದಗಿಸಿದ 100 ಯಂತ್ರಗಳಿಂದ ತೊಡಗಿ, ಸದಸ್ಯಸಂಸ್ಥೆಗಳು ತಂತಮ್ಮ ಆವರಣದಲ್ಲಿ ಸ್ಥಾಪಿಸಿದ ಯಂತ್ರಗಳು ಸೇರುತ್ತ, 2010ರ ಜೂನ್ ವೇಳೆಗೆ ಅದು 507 ಸ್ಥಳಗಳಲ್ಲಿ 1090 ಯಂತ್ರಗಳಷ್ಟು ಬೆಳೆಯಿತು. ಪ್ರತಿಯೊಂದು ಪ್ರಯೋಗಕ್ಕೂ ಒಂದು 'ಸ್ಲೈಸ್', ಎಂದರೆ ಹಲವು ಯಂತ್ರಗಳಲ್ಲಿ ಹರಡಿಕೊಂಡ ಒಂದು ಹೋಳು ದೊರೆಯುತ್ತಿತ್ತು. ಒಂದೇ ಯಂತ್ರದಲ್ಲಿ ಹತ್ತಾರು ಹೋಳುಗಳು ಏಕಕಾಲದಲ್ಲಿ ನಡೆಯುತ್ತಿದ್ದವು. ಸಮ್ಮೇಳನಗಳಿಗೆ ಪ್ರಬಂಧ ಕಳುಹಿಸುವ ಕೊನೆಯ ದಿನ ಹತ್ತಿರವಾದಂತೆ ಯಂತ್ರಗಳ ಮೇಲಿನ ಹೊರೆ ಏರುತ್ತಿತ್ತು. ಒಬ್ಬನ ಅಳತೆಯನ್ನು ಇನ್ನೊಬ್ಬನ ಗಡಿಬಿಡಿ ಕೆಡಿಸುವ ಈ ಸ್ಥಿತಿ ಗೋಮಾಳದ ಸಹಜ ದೋಷ. ಆದರೂ ಕೊಡೀನ್ ಮತ್ತು ಕೋರಲ್‌ನಂಥ ವಿಷಯವಿತರಣ ಜಾಲಗಳು ನಿಜವಾದ ಬಳಕೆದಾರರಿಗೆ ಎಡೆಬಿಡದೆ ಸೇವೆ ಸಲ್ಲಿಸಿ, ಆ ಅನುಭವದಿಂದಲೇ ಬೆಳೆದದ್ದು ಇಲ್ಲಿ. ಸರದಿಯ ಪದ್ಧತಿಯಲ್ಲಿ ಅದು ಆಗುತ್ತಿರಲಿಲ್ಲ. ಆದ್ದರಿಂದ ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಪ್ರಶ್ನೆಗೆ ಯಾವುದು ತಕ್ಕುದು ಎಂಬುದೇ ಸರಿಯಾದ ವಿಚಾರಣೆ.

ಗೋಮಾಳಕ್ಕೂ ಕಾವಲು ಬೇಕು. ಅಳತೆಗಾಗಿ ಕಳುಹಿಸಿದ ಪ್ಯಾಕೆಟ್‌ಗಳನ್ನು ದಾಳಿಯೆಂದು ಭಾವಿಸಿ ಹೊರಗಿನ ಜಾಲಗಳ ನಿರ್ವಾಹಕರು ದೂರುತ್ತಿದ್ದರು. ಯಾವ ಪ್ಯಾಕೆಟ್ ಯಾವ ಹೋಳಿನಿಂದ ಹೊರಟಿತೆಂಬುದನ್ನು ದಾಖಲಿಸುವ ಏರ್ಪಾಡನ್ನು ಪ್ಲ್ಯಾನೆಟ್‌ಲ್ಯಾಬ್ ಮಾಡಿಕೊಂಡಿತು. ಆತಿಥೇಯ ಸಂಸ್ಥೆ, ನಿರ್ವಾಹಕರು ಮತ್ತು ಸಂಶೋಧಕರ ನಡುವಿನ ಈ ಹೊಣೆಗಾರಿಕೆಯ ಸರಪಳಿಯೇ ಅದರ ಬಹುಮುಖ್ಯ ಕೊಡುಗೆಗಳಲ್ಲಿ ಒಂದೆಂದು ನಮ್ಮ ಅಭಿಪ್ರಾಯ.

2

ಎರಡನೆಯ ಪ್ರಶ್ನೆ ನೈಜತೆಯದು. ಪ್ಲ್ಯಾನೆಟ್‌ಲ್ಯಾಬ್‌ನ ಮೇಲೆ ದೊರೆತ ಫಲಿತಾಂಶವನ್ನು ಅಂತರಜಾಲದ ಫಲಿತಾಂಶವೆಂದು ಸ್ವೀಕರಿಸಬಹುದೆ? ಸುಮನ್ ಬ್ಯಾನರ್ಜಿ, ತಿಮೋತಿ ಗ್ರಿಫಿನ್ ಮತ್ತು ಮಾರ್ಸೆಲೊ ಪಿಯಾಸ್ ಅವರು 2004ರಲ್ಲಿ ನಡೆಸಿದ ಅಧ್ಯಯನವು, ಅದರ ಯಂತ್ರಗಳಲ್ಲಿ ಬಹುಪಾಲು ಜಗತ್ತಿನ ಶೈಕ್ಷಣಿಕ ಮತ್ತು ಸಂಶೋಧನಾ ಜಾಲಗಳಿಗೆ ಸೇರಿದವು ಎಂಬುದನ್ನು ತೋರಿಸಿತು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ವಿಶಾಲವಾದ ಹಾದಿಯಲ್ಲಿ ಕಂಡದ್ದನ್ನು, ಮನೆಯ ದೂರವಾಣಿ ತಂತಿಯ ಮೂಲಕ ಬರುವ ಸಂಪರ್ಕಕ್ಕೆ ಅನ್ವಯಿಸಲಾಗದು. ಇದಕ್ಕೆ ನಿರ್ವಾಹಕರು ಕೊಟ್ಟ ಸಮಾಧಾನವೂ ಯೋಗ್ಯವಾದದ್ದೇ: ಈ ಯಂತ್ರಗಳಿಂದ ಹೊರಗಿನ ಜಾಲಗಳತ್ತ ಅಳೆದರೆ, ಇಲ್ಲವೇ ಹೊರಗಿನ ಬಳಕೆದಾರರನ್ನು ತಮ್ಮ ಸೇವೆಗೆ ಸೆಳೆದುಕೊಂಡರೆ ಈ ಮಿತಿ ಬಹುಮಟ್ಟಿಗೆ ತಗ್ಗುತ್ತದೆ.

ಗ್ರಂಥಸಂಪಾದನೆಯ ಶಿಸ್ತು ತಿಳಿದವರಿಗೆ ಇದು ಹೊಸ ಸಮಸ್ಯೆಯಲ್ಲ. ಒಂದೇ ಓಲೆಯ ಪ್ರತಿಯನ್ನು ಆಧರಿಸಿ ಸಿದ್ಧಪಡಿಸಿದ ಪಾಠವನ್ನು ನಾವು ತಾತ್ಕಾಲಿಕವೆಂದೇ ಪರಿಗಣಿಸುತ್ತೇವೆ. ಬೇರೊಂದು ಪರಂಪರೆಯ ಪ್ರತಿ ದೊರೆತು, ಪಾಠಾಂತರಗಳನ್ನು ಹೋಲಿಸಿದ ಮೇಲೆಯೇ ಅದಕ್ಕೆ ಬಲ ಬರುವುದು. ಒಂದೇ ಪ್ರಯೋಗಭೂಮಿಯ ಮೇಲೆ ನಿಂತ ಫಲಿತಾಂಶವೂ ಏಕಪ್ರತಿಯ ಪಾಠದಂತೆ. ಎಮುಲ್ಯಾಬ್‌ನ ನಿಯಂತ್ರಿತ ಪರಿಸರದಲ್ಲಿಯೂ ಪ್ಲ್ಯಾನೆಟ್‌ಲ್ಯಾಬ್‌ನ ಬಯಲಿನಲ್ಲಿಯೂ ಒಂದೇ ಬಗೆಯಲ್ಲಿ ಕಂಡದ್ದನ್ನು ಮಾತ್ರ ಭರವಸೆಯಿಂದ ಹೇಳಬಹುದು.

3

ಮೂರನೆಯ ಪ್ರಶ್ನೆ 'ಮಾರ್ಪಡಿಸಬಲ್ಲ' ಎಂಬ ವಿಶೇಷಣಕ್ಕೆ ಸಂಬಂಧಿಸಿದ್ದು. ಪ್ಲ್ಯಾನೆಟ್‌ಲ್ಯಾಬ್‌ನಲ್ಲಿ ಎಲ್ಲ ಹೋಳುಗಳೂ ಒಂದೇ ಲಿನಕ್ಸ್ ತಿರುಳನ್ನು ಹಂಚಿಕೊಂಡಿದ್ದವು. ಆದಕಾರಣ ಸಂಶೋಧಕನು ಜಾಲದ ಅಂಚಿನ ಗಣಕಗಳಲ್ಲಿ ಬೇಕಾದ್ದನ್ನು ನಡೆಸಬಹುದಿತ್ತು. ನಡುವೆ ಇದ್ದ ರೂಟರ್‌ಗಳನ್ನು ಮುಟ್ಟುವಂತಿರಲಿಲ್ಲ. ಹೊಸ ಜಾಲವನ್ನು ಹಳೆಯ ಜಾಲದ ಮೇಲೆ ಹೊದಿಸಬಹುದಿತ್ತೇ ಹೊರತು ಹಳೆಯದರ ಒಡಲನ್ನು ತಿದ್ದಲು ಬರುತ್ತಿರಲಿಲ್ಲ.

ಈ ಕೊರತೆಯನ್ನು ನೀಗಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಜೆನಿ ಎಂಬ ಯೋಜನೆಯನ್ನು ಕೈಗೊಂಡಿತು. 2007ರಿಂದ ಅದರ ಯೋಜನಾ ಕಚೇರಿಯು ಬಿಬಿಎನ್ ಸಂಸ್ಥೆಯಲ್ಲಿತ್ತು. ಆರ್ಪಾನೆಟ್‌ನ ಪ್ಯಾಕೆಟ್ ಸ್ವಿಚ್‌ಗಳನ್ನು ನಿರ್ಮಿಸಿದ್ದೂ ಇದೇ ಸಂಸ್ಥೆ ಎಂಬುದು ಗಮನಾರ್ಹ. 2008ರಲ್ಲಿ ನಿಕ್ ಮೆಕಿಯೋನ್ ಮತ್ತು ಸಂಗಡಿಗರು ಓಪನ್‌ಫ್ಲೋ ಪ್ರಬಂಧವನ್ನು ಪ್ರಕಟಿಸಿದರು. ಸ್ವಿಚ್ಚಿನೊಳಗಿನ ಕೋಷ್ಟಕಗಳನ್ನು ಹೊರಗಿನ ನಿಯಂತ್ರಕ ತಂತ್ರಾಂಶವೊಂದು ಬರೆಯುವಂತಾದರೆ, ವಿಶ್ವವಿದ್ಯಾಲಯದ ದೈನಂದಿನ ಜಾಲದಲ್ಲಿಯೇ ಉಳಿದವರಿಗೆ ತೊಂದರೆಯಾಗದಂತೆ ಪ್ರಯೋಗ ನಡೆಸಬಹುದು ಎಂಬುದು ಅದರ ವಾದ. ಸಂಶೋಧಕರ ಅನುಕೂಲಕ್ಕೆಂದು ಹುಟ್ಟಿದ ಈ ವಿಚಾರವನ್ನು ಉದ್ಯಮವು ಬೇಗನೆ ಕೈಗೆತ್ತಿಕೊಂಡಿತು. ಗೂಗಲ್ ತನ್ನ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಬಿ4 ಜಾಲದಲ್ಲಿ ಓಪನ್‌ಫ್ಲೋವನ್ನು ಬಳಸಿದ ವಿವರ 2013ರಲ್ಲಿ ಪ್ರಕಟವಾಯಿತು. 2014ರಲ್ಲಿ ಬಂದ ಪಿ4 ಭಾಷೆಯು ಪ್ಯಾಕೆಟ್ಟನ್ನು ಸ್ವಿಚ್ ಹೇಗೆ ಓದಬೇಕು ಎಂಬುದನ್ನೂ ಪ್ರೋಗ್ರಾಮಿಗೆ ಒಳಪಡಿಸಿತು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಪಿ4 ಪ್ರಯೋಗಗಳು ಬಹುಮಟ್ಟಿಗೆ ಟೊಫಿನೊ ಎಂಬ ಒಂದೇ ಚಿಪ್ಪನ್ನು ನೆಚ್ಚಿದ್ದವು. ಅದನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನು 2019ರಲ್ಲಿ ಕೊಂಡ ಇಂಟೆಲ್, ಮುಂದಿನ ಪೀಳಿಗೆಯ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2023ರ ಜನವರಿಯಲ್ಲಿ ತಿಳಿಸಿತು. ಸಾರ್ವಜನಿಕ ಹಣದಿಂದ ಕಟ್ಟಿದ ಪ್ರಯೋಗಭೂಮಿಯ ಸ್ವಾತಂತ್ರ್ಯವು ಒಂದು ವ್ಯಾಪಾರಸಂಸ್ಥೆಯ ತೀರ್ಮಾನಕ್ಕೆ ಕಟ್ಟುಬಿದ್ದಿರಬಹುದು ಎಂಬುದಕ್ಕೆ ಇದು ನಿದರ್ಶನ.

4

ಶಿಕ್ಷಣದ ವಿಷಯಕ್ಕೆ ಬಂದರೆ, ದೊಡ್ಡ ಪ್ರಯೋಗಭೂಮಿಗಳಿಗಿಂತ ಒಂದು ಚಿಕ್ಕ ಸಾಧನದ ಪರಿಣಾಮವೇ ಹೆಚ್ಚು ವ್ಯಾಪಕವೆನ್ನಬೇಕು. 2010ರಲ್ಲಿ ಪ್ರಕಟವಾದ ಮಿನಿನೆಟ್, ಸಾಧಾರಣ ಲ್ಯಾಪ್‌ಟಾಪ್ ಒಂದರಲ್ಲಿಯೇ ಹಲವು ಗಣಕಗಳ, ಸ್ವಿಚ್‌ಗಳ ಜಾಲವನ್ನು ಕಟ್ಟಿಕೊಡುತ್ತದೆ. ಸ್ಟ್ಯಾನ್‌ಫರ್ಡ್‌ನ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರಕಟಿತ ಪ್ರಬಂಧವೊಂದನ್ನು ಆರಿಸಿಕೊಂಡು ಅದರ ಫಲಿತಾಂಶವನ್ನು ತಾವೇ ಮರಳಿ ಪಡೆಯಲು ಯತ್ನಿಸುತ್ತಿದ್ದರು. ಲೀಸಾ ಯಾನ್ ಮತ್ತು ಮೆಕಿಯೋನ್ ಅವರು 2017ರಲ್ಲಿ ಈ ಬೋಧನಕ್ರಮದ ಅನುಭವವನ್ನು ಬರೆದಿದ್ದಾರೆ. ಓದಿದ್ದನ್ನು ಪರೀಕ್ಷಿಸಿ ನಂಬುವ ಅಭ್ಯಾಸ ಮೂಡುವುದು ಹೀಗೆ.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ವಿಶೇಷ ಮಹತ್ತ್ವವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಗಣಕಜಾಲ ಪ್ರಯೋಗಾಲಯದ ಒಂದು ಭಾಗ ಎನ್‌ಎಸ್-2 ಅಥವಾ ಎನ್‌ಎಸ್-3 ಅನುಕರಣ ತಂತ್ರಾಂಶದ ಅಭ್ಯಾಸಗಳಿಗೆ, ಇನ್ನೊಂದು ಭಾಗ ಜಾವಾ ಪ್ರೋಗ್ರಾಮುಗಳಿಗೆ ಮೀಸಲಾಗಿತ್ತು. ಅನುಕರಣದಲ್ಲಿ ನಿಜವಾದ ಪ್ಯಾಕೆಟ್ ಹರಿಯುವುದಿಲ್ಲ. ಅದರ ಲೆಕ್ಕ ಮಾತ್ರ ಹರಿಯುತ್ತದೆ. ಲೆಕ್ಕವನ್ನು ಕಲಿಯುವುದು ಅವಶ್ಯಕವೇ. ಆದರೆ ಕೆಟ್ಟ ಜಾಲವನ್ನು ಎದುರಿಗಿಟ್ಟುಕೊಂಡು ಕಾರಣ ಹುಡುಕುವ ವಿದ್ಯೆ ಅದರಿಂದ ಬರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ನೆಲೆಗಟ್ಟು ಇಲ್ಲವೆಂದಲ್ಲ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಮೂಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 2022ರ ಮೇ 17ರಂದು ಉದ್ಘಾಟನೆಗೊಂಡ 5ಜಿ ಪ್ರಯೋಗಭೂಮಿಯ ಐದು ಕೇಂದ್ರಗಳಲ್ಲಿ ಒಂದು ಇದೇ ಸಂಸ್ಥೆಯಲ್ಲಿದೆ. 220 ಕೋಟಿ ರೂಪಾಯಿಗೂ ಮೀರಿದ ವೆಚ್ಚದ ಈ ಯೋಜನೆಯ ಒಲವು ಪ್ರಧಾನವಾಗಿ ಉದ್ಯಮದ ಕಡೆಗಿದೆ: ಹೊಸ ಉಪಕರಣಗಳನ್ನು ದೇಶದಲ್ಲಿಯೇ ಪರೀಕ್ಷಿಸಿ ಪ್ರಮಾಣೀಕರಿಸುವುದು ಅದರ ಗುರಿ. ಗುರಿ ಯುಕ್ತವಾದದ್ದೇ. ಆದರೆ ಜಿಲ್ಲಾ ಕೇಂದ್ರದ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ಸರದಿಯನ್ನು ಕಾದಿರಿಸಿಕೊಂಡು ಒಂದು ರಾತ್ರಿ ತನ್ನದೇ ಜಾಲವನ್ನು ಕಟ್ಟಿ ಕೆಡವುವ ಅವಕಾಶವೂ ಅಷ್ಟೇ ಅಗತ್ಯ. ಸಾಮುದಾಯಿಕ ಎಂಬ ಪದಕ್ಕೆ ಪೂರ್ಣಾರ್ಥ ಬರುವುದು ಆಗಲೇ.

5

ಕೊನೆಯ ಹಾಗೂ ನಮ್ಮ ದೃಷ್ಟಿಯಲ್ಲಿ ಅತಿಮುಖ್ಯವಾದ ಪ್ರಶ್ನೆ, ಪ್ರಯೋಗಭೂಮಿ ಮುಚ್ಚಿದ ಮೇಲೆ ಏನು ಉಳಿಯುತ್ತದೆ ಎಂಬುದು. ಪ್ಲ್ಯಾನೆಟ್‌ಲ್ಯಾಬ್ 2020ರಲ್ಲಿ ಮುಚ್ಚಿತು. ಜೆನಿಯ ಕಾಲವೂ ಮುಗಿಯಿತು. ಅವುಗಳ ಮೇಲೆ ನಡೆದ ಪ್ರಯೋಗಗಳ ಪ್ರಬಂಧಗಳು ಗ್ರಂಥಾಲಯಗಳಲ್ಲಿವೆ. ಆ ಪ್ರಯೋಗಗಳನ್ನು ಅದೇ ನೆಲದ ಮೇಲೆ ಮತ್ತೆ ನಡೆಸುವ ದಾರಿ ಇಲ್ಲ. ವಿಜ್ಞಾನದಲ್ಲಿ ಇದು ಸಣ್ಣ ನಷ್ಟವಲ್ಲ.

ಎಮುಲ್ಯಾಬ್‌ನ ಗತಿ ಇದಕ್ಕೆ ಪ್ರತಿಯಾಗಿದೆ. ಅದರ ತಂತ್ರಾಂಶವು 2004ರಲ್ಲಿ ಆರಂಭವಾದ ಡೀಟರ್ ಎಂಬ ಭದ್ರತಾ ಪ್ರಯೋಗಭೂಮಿಗೆ, ಬಳಿಕ 2014ರ ಕ್ಲೌಡ್‌ಲ್ಯಾಬ್‌ಗೆ ಆಧಾರವಾಯಿತು. ಯಂತ್ರಗಳು ಸವೆದುಹೋದರೂ ಪ್ರಯೋಗವನ್ನು ಬರಹರೂಪದಲ್ಲಿ ಹೇಳುವ ಕ್ರಮ ಮುಂದುವರಿಯಿತು. 2019ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ರೆನ್ಸಿ ಕೇಂದ್ರದ ನೇತೃತ್ವದಲ್ಲಿ 2 ಕೋಟಿ ಡಾಲರ್ ಅನುದಾನದಿಂದ ಆರಂಭವಾದ ಫ್ಯಾಬ್ರಿಕ್ ಯೋಜನೆಯಲ್ಲಿಯೂ ಸಂಶೋಧಕನು ತನ್ನ ಪ್ರಯೋಗವನ್ನು ಜುಪಿಟರ್ ನೋಟ್‌ಬುಕ್ಕಿನಲ್ಲಿ ಬರೆದು ನಡೆಸಬಹುದು. ವಿವರಣೆ, ಆಜ್ಞೆ, ಫಲಿತಾಂಶ ಮೂರೂ ಒಂದೇ ಕಡೆ ಇರುವ ಈ ಕಡತವನ್ನು ಪ್ರಬಂಧದಷ್ಟೇ ಜೋಪಾನವಾಗಿ ಕಾಪಾಡಬೇಕು.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ದಾಖಲಿಸಿದ ಬೆಂಗಳೂರು ಪರಿಸರದ ಹಲವು ಶಾಸನಗಳ ಕಲ್ಲುಗಳು ನಗರ ಬೆಳೆದಂತೆ ಕಾಣೆಯಾಗಿವೆ. ಕಲ್ಲು ಹೋದರೂ ಪಾಠ, ಸ್ಥಳ, ಸ್ಥಿತಿಗಳ ದಾಖಲೆ ಉಳಿದದ್ದರಿಂದ ಇಂದಿಗೂ ಆ ಶಾಸನಗಳ ಮೇಲೆ ಚರ್ಚೆ ಸಾಧ್ಯವಾಗಿದೆ. ಗಣಕಜಾಲದ ಪ್ರಯೋಗಭೂಮಿಗಳಿಗೂ ಇದೇ ಬಗೆಯ ದಾಖಲೆ ಬೇಕು. ಜಾಲದ ವಿನ್ಯಾಸದ ಲಿಪಿ, ಬಳಸಿದ ತಂತ್ರಾಂಶದ ಪ್ರತಿ, ಅಳತೆಯ ಮೂಲ ದತ್ತಾಂಶ, ಅಂದು ಯಂತ್ರದ ಮೇಲೆ ಇದ್ದ ಹೊರೆಯ ವಿವರ ಇವು ಪ್ರಬಂಧದೊಡನೆ ಗ್ರಂಥಾಲಯಕ್ಕೆ ಸೇರಬೇಕು. ಇದು ತಂತ್ರಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ. ಸಂರಕ್ಷಣೆಯ ಶಿಸ್ತನ್ನು ಬಲ್ಲ ಗ್ರಂಥಪಾಲಕರೂ ಇದರಲ್ಲಿ ಪಾಲುದಾರರಾಗಬೇಕಾಗಿದೆ.

ಒಟ್ಟಿನಲ್ಲಿ, ಪ್ರಯೋಗಭೂಮಿಯೊಂದರ ಬೆಲೆಯನ್ನು ಅದರ ಯಂತ್ರಗಳ ಸಂಖ್ಯೆಯಿಂದಾಗಲಿ ಕೊಂಡಿಗಳ ವೇಗದಿಂದಾಗಲಿ ಕಟ್ಟಲಾಗದು. ಯಾರಿಗೆ ಪ್ರವೇಶವಿತ್ತು, ಪ್ರವೇಶಿಸಿದವರು ಏನನ್ನು ಬದಲಿಸಬಹುದಿತ್ತು, ಅಲ್ಲಿ ಕಂಡದ್ದನ್ನು ಬೇರೊಬ್ಬರು ಬೇರೊಂದು ಕಾಲದಲ್ಲಿ ಪರಿಶೀಲಿಸಬಹುದೆ ಎಂಬ ಮೂರು ಪ್ರಶ್ನೆಗಳೇ ಅದರ ಒರೆಗಲ್ಲು. ಮೊದಲೆರಡಕ್ಕೆ ಕಳೆದ ಎರಡು ದಶಕಗಳಲ್ಲಿ ತಕ್ಕಮಟ್ಟಿನ ಉತ್ತರ ದೊರೆತಿದೆ. ಮೂರನೆಯದಕ್ಕೆ ಉತ್ತರವನ್ನು ಇನ್ನೂ ಕಟ್ಟಬೇಕಾಗಿದೆ. ನಮ್ಮ ನಾಡಿನಲ್ಲಿ ಮುಂದೆ ನಿರ್ಮಾಣವಾಗುವ ಪ್ರಯೋಗಭೂಮಿಗಳು ಅದನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಂಡರೆ, ಹಿಂದಿನವರ ಅನುಭವ ವ್ಯರ್ಥವಾಗದು.