ಬೆಳ್ಳಿ ತೀರಿಸಿದ ಸಾಲ

‘ಚೋಮನ ದುಡಿ’ಯ ಬಗ್ಗೆ ಇನ್ನೇನು ಹೇಳುವುದು ಉಳಿದಿದೆ ಎಂದು ಕೇಳುವವರಿದ್ದಾರೆ. ಘಟ್ಟದ ಮೇಲಿನ ಕಥೆ ಪೂರ್ತಿ ಉಳಿದಿದೆ. 1933ರಲ್ಲಿ ಬಂದ ಈ ಕಾದಂಬರಿಯನ್ನು ಓದುವಾಗ ನಮ್ಮ ವಿಮರ್ಶೆ ಜೀತದಾಳು ಚೋಮನ ಅಂಗಳ ಬಿಟ್ಟು ಕದಲಿದ್ದೇ ಕಡಿಮೆ. ಬೇಸಾಯದ ಆಸೆ, ಜೋಡಿ ಎತ್ತು, ಪಾದ್ರಿ, ಪಂಜುರ್ಲಿ, ಕಡೆಗೆ ದುಡಿ. ಪರೀಕ್ಷೆಯ ಪ್ರಶ್ನೆಯೂ ಇಷ್ಟೇ, ವಿಚಾರಸಂಕಿರಣದ ಪ್ರಬಂಧವೂ ಇಷ್ಟೇ. ಚೋಮನ ಮನೆಗೆ ಒಂದು ಕಾಫಿ ತೋಟದ ಸಾಲವಿತ್ತು, ಮಕ್ಕಳು ಒಬ್ಬರ ಹಿಂದೊಬ್ಬರು ಅದನ್ನು ತೀರಿಸಲು ಘಟ್ಟ ಹತ್ತಿದರು ಎಂಬುದು ಕಥಾಸಾರಾಂಶದ ಒಂದು ಸಾಲಾಗಿ ಮುಗಿದುಹೋಗುತ್ತದೆ.

ಶಿವರಾಮ ಕಾರಂತರು ಒಂದೇ ಗುಡಿಸಲಲ್ಲಿ ಎರಡು ಬಗೆಯ ಜೀತವನ್ನು ಎದುರುಬದುರು ಇಟ್ಟಿದ್ದಾರೆ. ಒಂದು, ಧಣಿ ಸಂಕಪ್ಪಯ್ಯನ ಮನೆಯ ಆಳುತನ. ಅದು ಹುಟ್ಟಿನೊಂದಿಗೇ ಬಂದದ್ದು, ಆಳನ್ನು ಊರಿಗೆ ಕಟ್ಟಿಹಾಕುವಂಥದ್ದು. ಇನ್ನೊಂದು, ಮುಂಗಡದ ಜೀತ. ಅದು ಆಳನ್ನು ಊರಿನಿಂದ ಎಬ್ಬಿಸಿಕೊಂಡು ಹೋಗುತ್ತದೆ. ಮೊದಲನೆಯದನ್ನು ನಾವು ಜಾತಿಯೆಂದು ಗುರುತಿಸಿದೆವು. ಎರಡನೆಯದಕ್ಕೆ ಹೆಸರನ್ನೂ ಕೊಡಲಿಲ್ಲ. ಧಣಿಯ ಮನೆಯಲ್ಲಿ ಸಿಗುವುದು ಭತ್ತ. ಕೈಗೆ ರೊಕ್ಕ ಬರಬೇಕಾದರೆ ಘಟ್ಟಕ್ಕೇ ಹೋಗಬೇಕು. ಎರಡು ಜೀತಗಳೂ ಒಂದನ್ನೊಂದು ಸಾಕಿಕೊಂಡು ಬಂದವು. ದಕ್ಷಿಣ ಕನ್ನಡದಿಂದ ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ ಆಳು ಹೋದದ್ದು ಆಳು ಸೇರಿಸುವ ಮೇಸ್ತ್ರಿಯ ಮುಂಗಡದ ಮೇಲೆಯೇ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಕಳಿಸುವ 1859ರ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ರದ್ದಾದದ್ದು 1920ರ ದಶಕದಲ್ಲಿ, ಅಂದರೆ ಕಾದಂಬರಿ ಬರುವ ಕೆಲವೇ ವರ್ಷಗಳ ಹಿಂದೆ. ಕಾಯ್ದೆ ಹೋದರೂ ಸಾಲದ ಪುಸ್ತಕ ಹೋಗಲಿಲ್ಲ.

ಆ ಸಾಲ ಕಾದಂಬರಿಯೊಳಗೆ ಹೇಗೆ ನಡೆದುಕೊಳ್ಳುತ್ತದೆ ನೋಡಿ. ಮೊದಲು ಚೋಮನ ಹಿರಿಯ ಗಂಡುಮಕ್ಕಳು ಚನಿಯ, ಗುರುವ ಹೋಗುತ್ತಾರೆ. ಪ್ರಾಯದ ಎರಡು ಗಂಡಾಳು. ಚನಿಯ ಕಾಯಿಲೆಗೆ ತುತ್ತಾಗಿ ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯನ್ನು ಮೆಚ್ಚಿ, ಮತ ಬದಲಿಸಿ, ಮನೆಗೆ ಎರವಾಗುತ್ತಾನೆ. ಸಾಲ ಮಾತ್ರ ಉಳಿಯುತ್ತದೆ. ಆಮೇಲೆ ಮಗಳು ಬೆಳ್ಳಿಯ ಸರದಿ. ಇಬ್ಬರು ಗಂಡಸರ ರಟ್ಟೆ ತೀರಿಸಲಾರದ ಸಾಲ ಬೆಳ್ಳಿ ಹೋದ ಮೇಲೆ ತೀರಿಹೋಗುತ್ತದೆ. ತೀರಿದ್ದು ಕೂಲಿಯಿಂದಲ್ಲ, ಅವಳ ದೇಹದ ಬೆಲೆಗೆ. ತೀರಿತೆಂದು ಹೇಳಿದವನು ತೋಟದ ಒಡೆಯ. ಇದು ಎಂದೂ ಕೂಡಿ ಕಳೆಯುವ ಲೆಕ್ಕವೇ ಆಗಿರಲಿಲ್ಲ. ದುಡಿದಷ್ಟೂ ಕರಗಬೇಕಾದ ಸಾಲ ದುಡಿದಾಗ ಕರಗದೆ, ಒಡೆಯ ಮನಸ್ಸು ಮಾಡಿದಾಗ ಒಂದೇ ಏಟಿಗೆ ಇಲ್ಲವಾಗುತ್ತದೆ. ಮುಂಗಡದ ವ್ಯವಸ್ಥೆಯ ಒಳಗುಟ್ಟನ್ನು ಇಷ್ಟು ಕಡಿಮೆ ಮಾತಿನಲ್ಲಿ ಬಯಲು ಮಾಡಿದ ಬೇರೆ ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ.

ಇಲ್ಲಿ ಮನ್ವೇಲನನ್ನು ಗಮನಿಸಬೇಕು. ಅವನು ತೋಟದ ರೈಟರ. ಓದು ಬಾರದ ಆಳುಗಳ ನಡುವೆ ಸಾಲದ ಪುಸ್ತಕ ಇರುವುದು ಅವನ ಕೈಯಲ್ಲಿ. ಬೆಳ್ಳಿ ಅವನಿಗೆ ಒಲಿದದ್ದನ್ನು ಹರೆಯದ ಚಾಪಲ್ಯ, ದೌರ್ಬಲ್ಯ ಎಂದೆಲ್ಲ ವ್ಯಾಖ್ಯಾನಿಸಿದ್ದನ್ನು ತರಗತಿಗಳಲ್ಲಿ ಎಷ್ಟು ಕೇಳಿಲ್ಲ! ಅವಳ ಮನೆಯ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿದಿರುವ ಗಂಡಸಿನ ಎದುರು ನಿಂತ ಹುಡುಗಿಯ ಒಲವಿನಲ್ಲಿ ಎಷ್ಟು ಪಾಲು ಒಲವು, ಎಷ್ಟು ಪಾಲು ಸಾಲ ಎಂದು ಬಿಡಿಸಿ ಹೇಳುವ ಧೈರ್ಯ ನನಗಂತೂ ಇಲ್ಲ. ಬಿಡಿಸಲಾಗದಂತೆ ಹೆಣೆದಿರುವುದೇ ಕಾರಂತರ ಕಸುಬು.

ಆದರೆ ಅವರು ಅಲ್ಲೇ ಕೈಬಿಡುತ್ತಾರೆ ಕೂಡ. ಬೆಳ್ಳಿ ಮನೆಗೆ ಬಂದು ಸಾಲ ತೀರಿತೆನ್ನುತ್ತಾಳೆ. ಹೇಗೆ ತೀರಿತೆಂಬುದನ್ನು ನುಂಗಿಕೊಳ್ಳುತ್ತಾಳೆ. ಕಾದಂಬರಿಯ ಅತ್ಯಂತ ಭಾರವಾದ ಮೌನ ಇದು. ಮುಂದೆ ಮನ್ವೇಲನೊಂದಿಗೆ ಅವಳನ್ನು ಕಂಡ ಚೋಮ ಬಡಿದು ಹೊರಗಟ್ಟಿದಾಗ ಆ ಮೌನ ಒಡೆಯಬೇಕಿತ್ತು. ಒಡೆಯುವುದಿಲ್ಲ. ಕಾದಂಬರಿಯ ಕಣ್ಣು ಚೋಮನ ಬೆನ್ನು ಹಿಡಿದು ಎತ್ತು, ನೇಗಿಲು, ದುಡಿಯತ್ತ ಹೊರಟುಬಿಡುತ್ತದೆ. ಅಲ್ಲಿಯತನಕ ಮನೆಯ ದುಡಿಯುವ ಆಳಾಗಿದ್ದವಳು ಕೆಟ್ಟ ಮಗಳಾಗಿ ಉಳಿಯುತ್ತಾಳೆ. ಚೋಮನ ಸಾವಿನ ಭವ್ಯತೆಗೆ ಬೆಲೆ ತೆತ್ತವಳು ಬೆಳ್ಳಿ ಎಂದು ನಾನು ಹೇಳಿದರೆ ಕಾರಂತರ ಅಭಿಮಾನಿಗಳು ಸಿಟ್ಟಾಗಬಹುದು. ಆಗಲಿ. 1975ರ ಸ್ವರ್ಣಕಮಲ ಪಡೆದ ಬಿ.ವಿ. ಕಾರಂತರ ಸಿನಿಮಾದಲ್ಲಂತೂ ಎಂ.ವಿ. ವಾಸುದೇವ ರಾವ್ ಅವರ ಮುಖ, ದುಡಿಯ ಸದ್ದು ಎರಡೂ ಸೇರಿ ಈ ಏರುಪೇರನ್ನು ಖಾಯಂ ಮಾಡಿದವು. ಜೀತ ರದ್ದುಪಡಿಸುವ ಸುಗ್ರೀವಾಜ್ಞೆ ಹೊರಬಿದ್ದದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗಿಟ್ಟು ನೋಡಬೇಕೆಂದು ನಮಗೆ ಅನ್ನಿಸಲೇ ಇಲ್ಲ.

ನಮ್ಮ ವಿಮರ್ಶಕರ ಜೊತೆ ನನ್ನ ತಕರಾರು ಇಷ್ಟಕ್ಕೆ ಮುಗಿಯುವುದಿಲ್ಲ. ನವ್ಯರು ಚೋಮನನ್ನು ಒಂಟಿ ದುರಂತ ನಾಯಕನನ್ನಾಗಿ ಮಾಡಿದರು. ಒಂಟಿಯಾಗುವ ಮೊದಲು ಅವನಿಗೆ ಐದು ಮಕ್ಕಳಿದ್ದರೆಂಬುದು ಅವರಿಗೆ ತೊಡಕಾಗಲಿಲ್ಲ. ಪ್ರಗತಿಪರರು ಭೂಮಿ ಸಿಕ್ಕಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದರು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿ ಮಾಡಿದ್ದು ನಿಜ. ಆದರೆ ಕರಾವಳಿಯಲ್ಲಿ ಅದರ ಫಲ ಉಂಡವರು ಹೆಚ್ಚಾಗಿ ಗೇಣಿದಾರರು. ಚೋಮ ಗೇಣಿದಾರನಲ್ಲ, ಗೇಣಿ ಸಿಗಲಿಲ್ಲ ಎಂಬುದೇ ಅವನ ಕಥೆ. ಅವನಂಥವರು ಆ ಕಾಯ್ದೆಯ ಆಚೆಯೇ ಉಳಿದರು. ಬ್ರಾಹ್ಮಣ ಲೇಖಕ ದಲಿತನ ಒಳಮನೆಯನ್ನು ಬರೆಯಬಲ್ಲನೇ ಎಂಬ ಜಗಳ ಇನ್ನೊಂದು ಕಡೆ. ಅದು ಬೇಕಾದ ಜಗಳವೇ, ಆದರೆ ಅಲ್ಲೂ ಮಾತು ಚೋಮನ ಮನಸ್ಸಿನದೇ, ತೋಟದ ಲೆಕ್ಕದ್ದಲ್ಲ.

ಕಾರಂತರ ಕಡೆ ತಪ್ಪುಗಳಿಲ್ಲವೆಂದಲ್ಲ. ಚೋಮನ ಹೆಂಡದ ಚಟವನ್ನು ಅವರು ಎತ್ತಿ ತೋರಿಸುವ ರೀತಿಯಲ್ಲಿ ಸಮಾಜ ಸುಧಾರಕನ ಬೆತ್ತದ ನೆರಳಿದೆ. ಕೂಲಿಯವನ ಸಾಲಕ್ಕೆ ಕುಡಿತವೇ ಕಾರಣ ಎನ್ನುವವರಿಗೆ ಅದು ಇವತ್ತಿಗೂ ಒಳ್ಳೆಯ ಊರುಗೋಲು.

ಮುಂಗಡದ ಜೀತ ಕಾದಂಬರಿಯೊಂದಿಗೆ ಮುಗಿಯಲಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಇಂದಿಗೂ ಸುಗ್ಗಿ ಮುಗಿದೊಡನೆ ಜನ ಗುಳೆ ಹೋಗುತ್ತಾರೆ, ಎಷ್ಟೋ ಕುಟುಂಬಗಳು ಮುಂಗಡ ಪಡೆದೇ. ಹೊರರಾಜ್ಯಕ್ಕೆ ಕರೆದೊಯ್ಯುವ ಗುತ್ತಿಗೆದಾರ ಪ್ರತಿ ಆಳಿಗೂ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿ ದರವೂ ಮಾಡಿದ ಕಡಿತವೂ ಬರೆದಿರಬೇಕು ಎಂದು 1979ರ ಕಾಯ್ದೆ ವಿಧಿಸಿತ್ತು. ಮನ್ವೇಲನ ಪುಸ್ತಕ ಬೆಳ್ಳಿಯ ಕೈಗೂ ಬರಬೇಕೆಂಬುದೇ ಅದರ ಆಶಯ. ‘ಚೋಮನ ದುಡಿ’ಯನ್ನು ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಚೋಮನ ಪಾತ್ರವನ್ನು ವಿವರಿಸಿ ಎಂಬ ಪ್ರಶ್ನೆಯನ್ನು ಕೆಲವು ವರ್ಷ ಬದಿಗಿಡಿ. ತೋಟದ ಸಾಲ ತೀರಿಸಿದವರು ಯಾರು, ಹೇಗೆ ಎಂದು ಕೇಳಿ. ಹತ್ತು ಅಂಕಕ್ಕೆ.