ಎಷ್ಟು ಸಂಖ್ಯೆ ಎಂದು ಕೇಳುವುದೇಕೆ?

ಜಾವಾ ಕಲಿಸುವ ಬಹಳಷ್ಟು ಪಾಠಗಳಲ್ಲಿ ಪ್ರೋಗ್ರಾಂ ಬಾಯಿ ತೆರೆದ ಕೂಡಲೇ ಕೇಳುವುದು ಒಂದೇ: ಎಷ್ಟು ಸಂಖ್ಯೆ ಕೊಡುತ್ತೀರಿ? ಐದು ಎಂದರೆ ಐದು ಖಾನೆಯ ಅರೇ, ಐದು ಸುತ್ತಿನ ಲೂಪ್. ಈ ರೂಢಿಯ ಬಗ್ಗೆ ನನಗೆ ತಕರಾರಿದೆ. ಎಣಿಸುವುದು ಯಂತ್ರದ ಕೆಲಸ. ಅದನ್ನು ಟೈಪ್ ಮಾಡುವವರ ತಲೆಗೆ ಕಟ್ಟುವುದು ತಪ್ಪು.

ಅರೇಯ ಉದ್ದ ಬದಲಾಗುವುದಿಲ್ಲ, ಅದಕ್ಕೇ ಕೇಳುತ್ತೇವೆ ಎಂಬ ಸಮಜಾಯಿಷಿ 1998ರಲ್ಲೇ ಹಳತಾಯಿತು. ಆ ವರ್ಷ ಜಾವಾ 1.2ರೊಂದಿಗೆ ಅರೇಲಿಸ್ಟ್ ಬಂತು. ಅದರ ಒಳಗಿರುವುದೂ ಅರೇಯೇ. ಜಾಗ ತುಂಬಿದಾಗ ಸುಮಾರು ಒಂದೂವರೆ ಪಟ್ಟು ದೊಡ್ಡದನ್ನು ತಾನೇ ಮಾಡಿಕೊಂಡು ಹಳೆಯದನ್ನು ಅದಕ್ಕೆ ನಕಲಿಸುತ್ತದೆ. ಹತ್ತು ಖಾನೆ ಹದಿನೈದಾಗುತ್ತದೆ, ಹದಿನೈದು ಇಪ್ಪತ್ತೆರಡಾಗುತ್ತದೆ. ಎಲ್ಲಿ ಇಡುವುದು ಎಂಬ ಚಿಂತೆ ಅಲ್ಲಿಗೆ ಮುಗಿಯಿತು. ಉಳಿದದ್ದು, ಬರುವುದು ಮುಗಿಯಿತೆಂದು ತಿಳಿಯುವುದು ಹೇಗೆ ಎಂಬ ನಿಜವಾದ ಪ್ರಶ್ನೆ.

-1 ಹೊಡೆದರೆ ನಿಲ್ಲಿಸು ಎನ್ನುವುದು ಒಂದು ಉತ್ತರ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ -1 ನಿಜವಾದ ಅಂಕವೇ ಆಗಿರಬಹುದಲ್ಲ!

ಇನ್ನೊಂದು, 2004ರಲ್ಲಿ ಜಾವಾ 5ರ ಜೊತೆ ಬಂದ ಸ್ಕ್ಯಾನರ್. ಹ್ಯಾಸ್‌ನೆಕ್ಸ್ಟ್‌ಇಂಟ್ ನಿಜ ಎನ್ನುವವರೆಗೆ ಓದು, ಲಿಸ್ಟ್‌ಗೆ ಸೇರಿಸು. ಎರಡೇ ಸಾಲು, ನೋಡಲು ಚೆಂದ. ಆದರೆ ಒಬ್ಬರು 72, 65, 80, 91 ಎಂದು ಒಂದೊಂದು ಸಾಲಿಗೆ ಒಂದೊಂದು ಅಂಕ ಹೊಡೆಯುವಾಗ, ಎಂಬತ್ತರ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಬಿತ್ತೆನ್ನಿ. ಹ್ಯಾಸ್‌ನೆಕ್ಸ್ಟ್‌ಇಂಟ್ ಸುಳ್ಳು ಎನ್ನುತ್ತದೆ, ಲೂಪ್ ಮುಗಿಯುತ್ತದೆ. ಲಿಸ್ಟ್‌ನಲ್ಲಿ ಎರಡೇ ಅಂಕ. ಸರಾಸರಿ 77 ಬರಬೇಕಾದಲ್ಲಿ 68.5 ಬರುತ್ತದೆ, ಒಂದು ಎರರ್ ಕೂಡ ಇಲ್ಲದೆ. ಇನ್‌ಪುಟ್ ಮುಗಿದದ್ದಕ್ಕೂ ಕೆಟ್ಟದ್ದಕ್ಕೂ ಈ ಲೂಪ್‌ಗೆ ವ್ಯತ್ಯಾಸವೇ ತಿಳಿಯದು. ಪ್ರೋಗ್ರಾಂ ಕ್ರ್ಯಾಶ್ ಆಗಿದ್ದರೆ ಯಾರಾದರೂ ಹುಡುಕಿ ಸರಿಮಾಡುತ್ತಿದ್ದರು. ಈ 68.5 ಮಾತ್ರ ಸೀದಾ ಅಂಕಪಟ್ಟಿಗೆ ಹೋಗಿ ಕೂರುತ್ತದೆ. ಇದನ್ನು ಮಾದರಿ ಉತ್ತರವೆಂದು ಕಲಿಸುವುದನ್ನು ನಾನು ಒಪ್ಪಲಾರೆ. ಡೇಟಾ ಶುದ್ಧವಾಗಿಯೇ ಬರುತ್ತದೆಂಬ ಖಾತ್ರಿ ಇರುವ ಕೋಡಿಂಗ್ ಸ್ಪರ್ಧೆಗೆ ಸರಿ, ಅಷ್ಟೇ.

ನನ್ನ ಮತ ಬಫರ್ಡ್‌ರೀಡರ್‌ಗೆ. ರೀಡ್‌ಲೈನ್ ಒಂದೊಂದೇ ಸಾಲು ಕೊಡುತ್ತದೆ, ಇನ್‌ಪುಟ್ ಮುಗಿದಾಗ ನಲ್ ಕೊಡುತ್ತದೆ. ಅಂತ್ಯದ ಸೂಚನೆ ಡೇಟಾದೊಂದಿಗೆ ಬೆರೆಯುವುದಿಲ್ಲ. ಪ್ರತಿ ಸಾಲನ್ನೂ ಪಾರ್ಸ್‌ಇಂಟ್‌ಗೆ ಕೊಟ್ಟು, ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಬಂದರೆ 'ಮೂರನೇ ಸಾಲು ಸರಿಯಿಲ್ಲ, ಮತ್ತೆ ಕೊಡಿ' ಎನ್ನಬಹುದು. ಕೋಡ್ ಐದಾರು ಸಾಲು ಬೆಳೆಯುತ್ತದೆ, ಬೆಳೆಯಲಿ.

ಕೀಬೋರ್ಡ್ ಮುಂದೆ ಕೂತವರಿಗೆ ಒಂದು ತೊಡಕಿದೆ. ಮುಗಿಯಿತೆಂದು ಹೇಳಲು ಲಿನಕ್ಸ್‌ನಲ್ಲಿ ಕಂಟ್ರೋಲ್-ಡಿ, ವಿಂಡೋಸ್‌ನಲ್ಲಿ ಕಂಟ್ರೋಲ್-ಜೆಡ್ ಒತ್ತಿ ಎಂಟರ್. ಇದು ಎಲ್ಲರಿಗೂ ಗೊತ್ತಿರುವುದಿಲ್ಲ. ಅವರಿಗೆ ಖಾಲಿ ಸಾಲನ್ನೇ ಅಂತ್ಯವಾಗಿ ಒಪ್ಪಿಕೊಳ್ಳಬೇಕು, ಅದನ್ನು ಪರದೆಯ ಮೇಲೆ ಮೊದಲೇ ಬರೆದಿರಬೇಕು. ಫೈಲಿನಿಂದ ಓದುವಾಗ ಆ ಸಲಿಗೆ ಬೇಡ. ನಡುವೆ ಖಾಲಿ ಸಾಲು ಬಂದರೆ ದಾಟಿಕೊಂಡು ನಲ್ ಸಿಗುವವರೆಗೆ ಓದಬೇಕು.